ಪರದೆಯ ಹಿಂದೆಯೂ ಜಾಗ ಮಾಡಿ: ಬಡಾವಣೆಯಲ್ಲಿ ತೊಗಲುಗೊಂಬೆಯ ಎರಡು ದಿನ

ಯುಗಾದಿ ಕಳೆದ ಮೇಲೆ ಬರುವ ಶನಿವಾರ, ಭಾನುವಾರ ನಮ್ಮ ಬಡಾವಣೆಯಲ್ಲಿ ಕುಟುಂಬ ಮೇಳ ನಡೆಸುವುದು ಕೆಲವು ವರ್ಷಗಳಿಂದ ನಡೆದುಬಂದ ರೂಢಿ. ದಾವಣಗೆರೆಯಲ್ಲಿ ಆ ಹೊತ್ತಿಗಾಗಲೇ ಬಿಸಿಲು ಏರಿರುತ್ತದೆ. ಆದರೂ ಉದ್ಯಾನದ ಹೊಂಗೆ ಮರಗಳು ಚಿಗುರಿ ನೆರಳು ಕೊಡಲು ಶುರು ಮಾಡಿರುತ್ತವೆ, ಸಂಜೆಗೆ ಒಂದಿಷ್ಟು ಗಾಳಿ ಆಡುತ್ತದೆ. ಗಾಳಿ ತುಂಬಿದ ಜಾರುಬಂಡೆ, ಮುಖಕ್ಕೆ ಬಣ್ಣ ಹಚ್ಚುವವರ ಮುಂದೆ ಉದ್ದ ಸಾಲು, ಮೈಕಿನಲ್ಲಿ ಸಿನಿಮಾ ಹಾಡು: ಮೇಳ ಅಂದರೆ ಇಷ್ಟೇ ಆಗಿತ್ತು. ಮಕ್ಕಳು ಸಾಲಿನಲ್ಲಿ ನಿಲ್ಲುತ್ತಿದ್ದರು, ಅಪ್ಪ ಅಮ್ಮಂದಿರು ಮೊಬೈಲ್ ನೋಡುತ್ತಾ ಕಾಯುತ್ತಿದ್ದರು, ಅಜ್ಜ ಅಜ್ಜಿಯರು ಮನೆಯಲ್ಲೇ ಉಳಿಯುತ್ತಿದ್ದರು. ಇದಕ್ಕೆ ಯಾರನ್ನೂ ದೂರುವ ಹಾಗಿರಲಿಲ್ಲ, ಏಕೆಂದರೆ ದೊಡ್ಡವರಿಗೆ ಅಲ್ಲಿ ಮಾಡಲು ಏನೂ ಇರಲಿಲ್ಲ.

ಈ ಸಲ ಮೇಳದ ಹೊಣೆ ನಮ್ಮ ಬೀದಿಯ ಐದಾರು ಮನೆಗಳ ಪಾಲಿಗೆ ಬಂತು. ಮೊದಲ ಸಭೆಯಲ್ಲಿ ನಾನು ಕೇಳಿದ್ದು ಒಂದೇ ಮಾತು: ಬಂದವರ ಕೈಗೆಲ್ಲ ಒಂದೊಂದು ಕೆಲಸ ಸಿಗಬೇಕು, ನಾಲ್ಕು ವರ್ಷದ ಮಗುವಿಗೂ, ಎಪ್ಪತ್ತು ದಾಟಿದವರಿಗೂ. ಅಂಥ ಕಲೆ ಯಾವುದು ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ಕೊನೆಗೆ ಎಲ್ಲರೂ ಒಪ್ಪಿದ್ದು ತೊಗಲುಗೊಂಬೆ, ಅಂದರೆ ಪರದೆಯ ಹಿಂದೆ ದೀಪದ ಬೆಳಕಿನಲ್ಲಿ ಚರ್ಮದ ಗೊಂಬೆಗಳನ್ನು ಆಡಿಸುವ ಆಟ. ಅದರಲ್ಲಿ ಚಿತ್ರ ಬರೆಯುವವರು ಬೇಕು, ಕತ್ತರಿಸುವವರು ಬೇಕು, ಹಾಡುವವರು, ತಾಳ ಹಾಕುವವರು, ದೀಪ ನೋಡಿಕೊಳ್ಳುವವರು, ಕಥೆ ಹೇಳುವವರು ಎಲ್ಲರೂ ಬೇಕು. ಮೇಲಾಗಿ ಈ ಕಲೆ ನಮಗೆ ಪಕ್ಕದ ಸೀಮೆಯದು. ಬಳ್ಳಾರಿ, ಕೊಪ್ಪಳ, ಚಿತ್ರದುರ್ಗದ ಕಡೆ ಇದನ್ನೇ ಬದುಕಾಗಿಸಿಕೊಂಡ ಮನೆತನಗಳು ಇವತ್ತಿಗೂ ಇವೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ, ಪದ್ಮಶ್ರೀ ಬಂದಾಗ ನಮ್ಮ ಬೀದಿಯಲ್ಲೂ ಅದರ ಮಾತು ನಡೆದಿತ್ತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟದ ಕಥೆಯನ್ನು ಗೊಂಬೆಗಳಲ್ಲಿ ಆಡಿಸಿದ್ದನ್ನು ಕಣ್ಣಾರೆ ಕಂಡ ಹಿರಿಯರೊಬ್ಬರು ನಮ್ಮ ನಡುವೆಯೇ ಇದ್ದರು. ಅವರ ಉತ್ಸಾಹವೇ ನಮ್ಮೆಲ್ಲರನ್ನೂ ಎಳೆದುಕೊಂಡು ಹೋಯಿತು.

ಮಾರ್ಚ್ 21 ವಿಶ್ವ ಗೊಂಬೆಯಾಟ ದಿನ. ಗೊಂಬೆಯಾಟದವರ ಅಂತರರಾಷ್ಟ್ರೀಯ ಸಂಸ್ಥೆ ಯೂನಿಮಾ ಹುಟ್ಟಿದ್ದು 1929ರಲ್ಲಿ, ಪ್ರಾಗ್ ನಗರದಲ್ಲಿ. ಈ ದಿನದ ಆಚರಣೆ 2003ರಿಂದ ನಡೆದಿದೆ. ನಮ್ಮ ಮೇಳದ ದಿನವೂ ಅದರ ಆಸುಪಾಸಿನಲ್ಲೇ ಬರುತ್ತಿದ್ದುದರಿಂದ ಕರಪತ್ರದಲ್ಲಿ ಇದನ್ನೂ ಹಾಕಿದೆವು. ಶಾಲೆಯ ಮೇಷ್ಟ್ರುಗಳಿಗೆ ವಿಷಯ ಹೇಳುವಾಗ ಅದು ಅನುಕೂಲಕ್ಕೆ ಬಂತು.

ದಿನ ಗೊತ್ತುಮಾಡುವುದೇನೋ ಸುಲಭವಾಯಿತು, ಶಬ್ದದ ವಿಷಯ ಸುಲಭವಿರಲಿಲ್ಲ. ಮಾರ್ಚ್ ಅಂದರೆ ಪರೀಕ್ಷೆಯ ತಿಂಗಳು. ಬಡಾವಣೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿದ್ದ ಮನೆಗಳು ಏಳೆಂಟು. ಒಬ್ಬ ತಾಯಿ ಸಭೆಗೆ ಬಂದು, "ಮೇಳ ಬೇಡ ಅನ್ನಲ್ಲ, ಮೈಕು ಮಾತ್ರ ಬೇಡ," ಎಂದು ಬೇಡಿಕೊಂಡರು. ಶಬ್ದಮಾಲಿನ್ಯದ ನಿಯಮಗಳು 2000ದಲ್ಲಿ ಬಂದವು. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಎಂಬುದು ಅದರ ಮಿತಿ. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಆದರೆ ನಿಯಮದ ಮಿತಿಯೊಳಗೇ ಇದ್ದರೂ ಓದುವ ಮಗುವಿನ ಕಿಟಕಿಯ ಕೆಳಗೆ ಹಾರ್ಮೋನಿಯಂ ಮೊಳಗಿದರೆ ಅದು ತೊಂದರೆಯೇ. ಹಾಗಾಗಿ ಆಟದ ಜಾಗವನ್ನೇ ಬದಲಿಸಿದೆವು. ಮನೆಗಳಿಗೆ ಹತ್ತಿರವಿದ್ದ ವೇದಿಕೆಯನ್ನು ಬಿಟ್ಟು ಉದ್ಯಾನದ ಆಚೆಯ ಮೂಲೆಗೆ, ನೀರಿನ ಟ್ಯಾಂಕಿನ ಪಕ್ಕದ ಬಯಲಿಗೆ ಹೋದೆವು. ಸ್ಪೀಕರ್ ಬೇಡವೇ ಬೇಡ ಎಂದು ತೀರ್ಮಾನಿಸಿ, ಜನ ಅರ್ಧಚಂದ್ರಾಕಾರದಲ್ಲಿ ಪರದೆಗೆ ಹತ್ತಿರ ಕೂರುವಂತೆ ಜಮಖಾನ ಹಾಸುವುದು ಎಂದುಕೊಂಡೆವು. ಈ ತೀರ್ಮಾನದಿಂದ ಆಟಕ್ಕೂ ಒಳ್ಳೆಯದೇ ಆಯಿತು. ಹತ್ತಿರ ಕೂತವರಿಗೆ ಕಲಾವಿದರ ಉಸಿರೂ ಕೇಳಿಸುತ್ತದೆ. ಉದ್ಯಾನ ಬಳಸಲು ಪಾಲಿಕೆಗೊಂದು ಅರ್ಜಿ, ಠಾಣೆಗೊಂದು ಅರ್ಜಿ ಕೊಟ್ಟೆವು. ಎರಡೂ ಕಡೆ ಅನುಮತಿ ಸಿಕ್ಕಿತು.

ಗೊಂಬೆಯಾಟದವರ ಮೇಳವನ್ನು ಹುಡುಕಿದ್ದು ವೀರಣ್ಣನವರ ಆಟ ಕಂಡಿದ್ದ ಆ ಹಿರಿಯರ ಪರಿಚಯದಿಂದ. ಬಳ್ಳಾರಿ ಕಡೆಯ ಒಂದು ಹಳ್ಳಿಯ ಕುಟುಂಬ: ಎಪ್ಪತ್ತು ದಾಟಿದ ಅಜ್ಜ, ಹಾಡುವ ಅಜ್ಜಿ, ಮಗ, ಸೊಸೆ, ಮದ್ದಳೆ ಬಾರಿಸುವ ಅಳಿಯ. ಊರಿನವರು ಅವರನ್ನು ಕಿಳ್ಳೇಕ್ಯಾತರು ಅಂತಲೂ ಗೊಂಬೆರಾಮರು ಅಂತಲೂ ಕರೆಯುತ್ತಾರೆ. ಅವರು ಮನೆಯೊಳಗೆ ಆಡುವುದು ಮರಾಠಿಗೆ ಹತ್ತಿರದ ಮಾತು, ಪರದೆಯ ಹಿಂದೆ ಆಡುವುದು ಅಚ್ಚಗನ್ನಡ. ಫೋನಿನಲ್ಲಿ ಅಜ್ಜ ನನ್ನನ್ನು ಮೊದಲು ಕೇಳಿದ್ದು, "ಎಷ್ಟೊತ್ತಿನ ಆಟ ಬೇಕ್ರಿ?" ಎಂದು. ಒಂದೂವರೆ ಗಂಟೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬೆಳತನಕದ ಆಟ ಅದು. ಆಗ್ಲಿ, ಲಂಕಾದಹನ ಒಂದೇ ಆಡಾನು," ಅಂದರು.

ದುಡ್ಡಿನ ವಿಷಯ ಇಲ್ಲಿ ಹೇಳಲೇಬೇಕು. ಮೇಳಗಳಲ್ಲಿ ಜನಪದ ಕಲಾವಿದರನ್ನು ಕರೆಸಿ, ಆಟ ಮುಗಿದ ಮೇಲೆ ಶಾಲು ಹೊದಿಸಿ, ಒಂದು ತಟ್ಟೆ ಹಿಡಿದು ಜನರ ನಡುವೆ ಓಡಾಡಿಸುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ನನಗೆ ಅದು ಸಹಿಸಲಾಗದ ವಿಷಯ. ಜಾರುಬಂಡೆಯವರಿಗೆ, ಶಾಮಿಯಾನದವರಿಗೆ ಮುಂಗಡ ಕೊಟ್ಟು ಗೊತ್ತುಮಾಡುತ್ತೇವೆ. ಕಲಾವಿದರಿಗೆ ಮಾತ್ರ "ನೋಡಿ ಕೊಡೋಣ" ಎನ್ನುವುದು ಯಾವ ನ್ಯಾಯ? ಸಂಭಾವನೆ, ಹೋಗಿಬರುವ ವಾಹನದ ಖರ್ಚು, ಎರಡು ರಾತ್ರಿ ಉಳಿಯುವ ಜಾಗ, ಊಟ, ಶನಿವಾರದ ತರಬೇತಿಗೆ ಬೇರೆ ಸಂಭಾವನೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಅರ್ಧ ಹಣ ಮೊದಲೇ ಕಳಿಸಿದೆವು. ಅದಕ್ಕಾಗಿ ಜಾರುಬಂಡೆಯನ್ನು ಕೈಬಿಟ್ಟೆವು. ಮಕ್ಕಳು ಒಂದು ದಿನ ಗೊಣಗಿದರು, ಅಷ್ಟೇ.

ಇನ್ನೊಂದು ಸೂಕ್ಷ್ಮ ವಿಷಯವಿತ್ತು. ತೊಗಲುಗೊಂಬೆಯಾಟದಲ್ಲಿ ರಾಮ, ಸೀತೆ, ಹನುಮಂತ ಇರುವಂತೆಯೇ ಹಾಸ್ಯಕ್ಕೆ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಇರುತ್ತಾರೆ. ಕಥೆ ಎಲ್ಲೇ ಇರಲಿ, ನಡುವೆ ಬಂದು ಜಗಳವಾಡಿ, ಕುಣಿದು, ಊರಿನ ಸುದ್ದಿ ಮಾತಾಡಿ ಹೋಗುತ್ತಾರೆ. ನಡುರಾತ್ರಿಯ ಆಟದಲ್ಲಿ ಅವರ ಮಾತು ಸಾಕಷ್ಟು ಹಸಿಯಾಗಿರುತ್ತದೆ, ಅದು ಆ ಕಲೆಯ ಗುಣವೇ. ನಮ್ಮ ಸಮಿತಿಯ ಒಬ್ಬರಿಗೆ ಇದರ ಆತಂಕ. "ಮಕ್ಕಳಿರ್ತಾರೆ, ಮಾತುಗಳನ್ನ ಮೊದಲೇ ಬರೆಸಿ ತರಿಸಿಕೊಳ್ಳೋಣ," ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಬಾಯಿಂದ ಬಾಯಿಗೆ ಬಂದ ಆಟವನ್ನು ಬರೆದು ತನ್ನಿ ಎನ್ನುವುದೆಂದರೆ ಆ ಕಲಾವಿದರಿಗೆ ತಮ್ಮ ಎದುರಿಗೆ ಕೂತಿರುವವರು ಯಾರೆಂಬುದೇ ತಿಳಿಯುವುದಿಲ್ಲ ಎಂದ ಹಾಗೆ. ಆದರೂ ಅವರ ಆತಂಕವನ್ನು ಮುಚ್ಚಿಡಬಾರದು ಎಂದು ಅಜ್ಜನಿಗೆ ಫೋನಿನಲ್ಲಿ ನೇರವಾಗಿಯೇ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಮಂದಿ ನೋಡಿ ಮಾತು ಬರ್ತಾವ್ರಿ. ಪರದೆ ಸಂದಿಲಿಂದ ನಾವು ಮೊದ್ಲು ನೋಡೋದು ಅದನ್ನ. ಸಣ್ಣ ಹುಡುಗ್ರು ಮುಂದ ಕುಂತಿದ್ರ ಬಂಗಾರಕ್ಕ ಬ್ಯಾರೆ, ಮಧ್ಯರಾತ್ರಿ ದೊಡ್ಡೋರು ಕುಂತಿದ್ರ ಬಂಗಾರಕ್ಕ ಬ್ಯಾರೆ." ಎಲ್ಲ ವಯಸ್ಸಿನವರೂ ಒಟ್ಟಿಗೆ ಕೂತು ನೋಡುವ ಕಾರ್ಯಕ್ರಮ ಅಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿರಲಿಲ್ಲ. ಸಭೆಯಲ್ಲಿ ಆ ಮಾತನ್ನು ಹಾಗೆಯೇ ತಿಳಿಸಿದೆ. ಬರೆದು ತರಿಸುವ ಮಾತು ಅಲ್ಲಿಗೇ ನಿಂತಿತು.

ಶನಿವಾರ ಬೆಳಿಗ್ಗೆ ಎಂಟಕ್ಕೇ ಶುರು ಮಾಡಿದೆವು. ಹನ್ನೊಂದರ ಮೇಲೆ ದಾವಣಗೆರೆಯ ಮಾರ್ಚ್ ಬಿಸಿಲಿನಲ್ಲಿ ಮಕ್ಕಳನ್ನು ಹೊರಗೆ ಕೂರಿಸುವುದು ತರವಲ್ಲ. ಹೊಂಗೆಯ ನೆರಳಲ್ಲಿ ಚಾಪೆ, ಎರಡು ಕೊಡ ನೀರು, ಒಂದು ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ. ಮನೆಯವರೆಲ್ಲ ಒಟ್ಟಿಗೆ ಬರಬೇಕು, ಮಕ್ಕಳನ್ನು ಬಿಟ್ಟುಹೋಗುವ ಹಾಗಿಲ್ಲ ಎಂದು ಮೊದಲೇ ತಿಳಿಸಿದ್ದೆವು.

ಅಜ್ಜ ಮೊದಲು ಒಂದು ಹದ ಮಾಡಿದ ಮೇಕೆ ತೊಗಲನ್ನು ಬಿಚ್ಚಿ ಬಿಸಿಲಿಗೆ ಹಿಡಿದರು. ಮಬ್ಬಾಗಿ ಕಾಣುತ್ತಿದ್ದ ಚರ್ಮದೊಳಗೆ ಬೆಳಕು ಹರಿದು ಅದು ಜೇನಿನ ಬಣ್ಣಕ್ಕೆ ತಿರುಗಿತು. ತೊಗಲನ್ನು ನೆನೆಸಿ, ಕೂದಲು ಹೆರೆದು ತೆಗೆದು, ಬಿಗಿಯಾಗಿ ಎಳೆದು ಒಣಗಿಸಿ, ಮತ್ತೆ ಮತ್ತೆ ಹೆರೆದು ತೆಳ್ಳಗೆ ಮಾಡಿದರೆ ಮಾತ್ರ ಹೀಗೆ ಬೆಳಕು ದಾಟುತ್ತದೆ. ಆಮೇಲೆ ಅದರ ಮೇಲೆ ರೇಖೆ, ಉಳಿಯಿಂದ ತೂತು, ಎರಡೂ ಕಡೆ ಬಣ್ಣ. ಕೇರಳದ ತೋಲ್ಪಾವಕೂತ್ತಿನಲ್ಲಿ ಗೊಂಬೆಗಳ ಕಪ್ಪು ನೆರಳೇ ಮುಖ್ಯ. ನಮ್ಮ ಕಡೆಯ ಗೊಂಬೆಯಲ್ಲಿ, ಆಂಧ್ರದ ತೋಲುಬೊಮ್ಮಲಾಟದಲ್ಲಿ ಇರುವಂತೆ, ಬಣ್ಣವೇ ಪರದೆಯ ಮೇಲೆ ಬೀಳುತ್ತದೆ. ಕಾರ್ಡ್‌ಬೋರ್ಡಿನ ಗೊಂಬೆಗಳನ್ನು ಶಾಲೆಯಲ್ಲಿ ಮಾಡಿ ಗೊತ್ತಿದ್ದ ಮಕ್ಕಳಿಗೆ ಇದು ಹೊಸದು. ದಪ್ಪ ರಟ್ಟಿಗೆ ಎಷ್ಟು ಬಣ್ಣ ಹಚ್ಚಿದರೂ ಪರದೆಯ ಮೇಲೆ ಕಾಣುವುದು ಕಪ್ಪು ಆಕಾರ ಮಾತ್ರ.

ಮಕ್ಕಳ ಕೈಗೆ ತೊಗಲು ಕೊಡುವುದು ಸಾಧ್ಯವಿರಲಿಲ್ಲ. ಅಜ್ಜನ ಸೊಸೆ ಒಂದು ದಾರಿ ಹೇಳಿಕೊಟ್ಟರು. ಮಾಮೂಲಿ ಡ್ರಾಯಿಂಗ್ ಹಾಳೆಯ ಮೇಲೆ ಚಿತ್ರ ಬರೆದು, ಬಣ್ಣ ತುಂಬಿ, ಕತ್ತರಿಸಿ, ಬೆನ್ನಿಗೆ ಹತ್ತಿಯಿಂದ ಕೊಬ್ಬರಿ ಎಣ್ಣೆ ಉಜ್ಜುವುದು. ಎಣ್ಣೆ ಹೀರಿದ ಹಾಳೆ ಬೆಳಕನ್ನು ಬಿಡುತ್ತದೆ. ಹೆಚ್ಚಾದ ಎಣ್ಣೆಯನ್ನು ಹಳೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಹರಡಿ ಬಿಟ್ಟರೆ ಸಂಜೆಗೆ ಕೈಗೆ ಅಂಟುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ಒಂದು ಮಾತು: ಬಣ್ಣ ಮೊದಲು, ಎಣ್ಣೆ ಆಮೇಲೆ. ಎಣ್ಣೆ ಕುಡಿದ ಹಾಳೆಯ ಮೇಲೆ ಸ್ಕೆಚ್ ಪೆನ್ ಹಿಡಿಯುವುದಿಲ್ಲ.

"ಮುಖ ಪಕ್ಕಕ್ಕ ತಿರುಗಿರ್ಲಿ, ಕಣ್ಣು ದೊಡ್ಡದು ಬರೀರಿ. ದೂರದಿಂದ ಮೊದ್ಲು ಕಾಣೋದು ಕಣ್ಣು," ಎಂದು ಅಜ್ಜ ಚಾಪೆಯಿಂದ ಚಾಪೆಗೆ ಹೋಗಿ ಹೇಳುತ್ತಿದ್ದರು. ಏಳು ವರ್ಷದ ಹುಡುಗಿಯೊಬ್ಬಳು ಬೆಳ್ಳಕ್ಕಿ ಬರೆದಿದ್ದಳು. ಬಿಳಿ ಹಾಳೆಯ ಮೇಲೆ ಬಿಳಿ ಹಕ್ಕಿ. ಬಣ್ಣವೇ ಇಲ್ಲದಿದ್ದರೆ ಪರದೆಯಲ್ಲಿ ಹೇಗೆ ಕಾಣುತ್ತದೆ ಎಂದು ಅವಳಪ್ಪ ಅನುಮಾನಪಟ್ಟರು. ಅಜ್ಜ ಅವಳ ಕೈಗೆ ದಬ್ಬಳ ಕೊಟ್ಟು, ಮಡಚಿದ ಗೋಣಿಚೀಲದ ಮೇಲೆ ಹಾಳೆ ಇರಿಸಿ, ರೆಕ್ಕೆಯ ಗೆರೆಗುಂಟ ಒಂದೊಂದೇ ತೂತು ಚುಚ್ಚಲು ಹೇಳಿದರು. "ತೂತು ಬಿತ್ತಂದ್ರ ಅಲ್ಲಿ ದೀಪ ಕುಂತಂಗ, ತಾಯಿ." ಅವಳು ಅರ್ಧ ಗಂಟೆ ತಲೆ ಎತ್ತಲಿಲ್ಲ. ತೂತುಗಳ ಮಧ್ಯೆ ಒಂದೇ ಅಂತರ ಬರಲಿ ಎಂದು ನಾಲಿಗೆ ಕಚ್ಚಿಕೊಂಡು ಚುಚ್ಚುತ್ತಿದ್ದಳು. ಕೊಕ್ಕರೆಯ ಕಾಲಿನ ಹತ್ತಿರ ಹಾಳೆ ಸ್ವಲ್ಪ ಹರಿಯಿತು. ಅಲ್ಲಿಗೆ ಅಜ್ಜ ಒಂದು ತೆಳ್ಳನೆಯ ಪಟ್ಟಿ ಅಂಟಿಸಿಕೊಟ್ಟರು. ಕೊನೆಗೆ ಹಾಳೆಯನ್ನು ಆಕಾಶಕ್ಕೆ ಹಿಡಿದು ನೋಡಿದಾಗ ರೆಕ್ಕೆಯ ಒಂದೊಂದು ಗರಿಯೂ ಬೆಳಕಿನ ಚುಕ್ಕಿಗಳಲ್ಲಿ ಮೂಡಿತ್ತು. ಅವಳಪ್ಪ ಆ ಹಾಳೆಯನ್ನು ಕೇಳಿ ಪಡೆದು ತಾವೂ ಹಿಡಿದು ನೋಡಿದರು, ಆಮೇಲೆ ಇನ್ನೊಂದು ದಬ್ಬಳ ತೆಗೆದುಕೊಂಡು ಅವಳ ಪಕ್ಕ ಕೂತರು.

ಎಣ್ಣೆ ಉಜ್ಜುವ ಕೆಲಸವನ್ನು ಅಜ್ಜಿಯರು ತಾವಾಗಿಯೇ ವಹಿಸಿಕೊಂಡರು. ಎಷ್ಟೋ ತಲೆಗಳಿಗೆ ಎಣ್ಣೆ ಹಚ್ಚಿದ ಕೈಗಳು ಅವು. ಎಷ್ಟು ಸಾಕು, ಎಷ್ಟು ಹೆಚ್ಚು ಎಂದು ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಹಿಂದಿನ ಮೇಳಗಳಿಗೆ ಒಂದು ಸಲವೂ ಬಾರದಿದ್ದ ನಮ್ಮ ಎದುರು ಮನೆಯ ಅಜ್ಜಿ ಮಧ್ಯಾಹ್ನದವರೆಗೂ ಎದ್ದು ಹೋಗಲಿಲ್ಲ. ಚಿಕ್ಕಂದಿನಲ್ಲಿ ಮಳೆ ಬಾರದಿದ್ದಾಗ, ದನಕರುಗಳಿಗೆ ರೋಗ ಬಂದಾಗ ಊರಿನವರು ಗೊಂಬೆಯಾಟ ಕಟ್ಟಿಸುತ್ತಿದ್ದುದನ್ನು ಅಲ್ಲಿ ಕೂತ ಮಕ್ಕಳಿಗೆ ಹೇಳುತ್ತಾ ಹೋದರು. ಗೊಂಬೆಯವರ ಅಜ್ಜಿಯೂ ಪಕ್ಕದಲ್ಲೇ ಕೂತು, "ಹೌದ್ರಿ ಅವ್ವ, ನಮ್ಮ ಅತ್ತಿ ಕಾಲಕ್ಕೂ ಹಂಗ," ಎಂದು ತಮ್ಮ ಸೀಮೆಯ ನೆನಪು ಸೇರಿಸಿದರು. ಇಬ್ಬರೂ ಹಾಡಿನ ಚೂರುಗಳನ್ನು ಹೊಂದಿಸಿ ನೋಡಿದರು. ಕಾರ್ಯಕ್ರಮದ ಪಟ್ಟಿಯಲ್ಲಿ ಹೀಗೊಂದು ಸಂಗತಿ ಇರಲಿಲ್ಲ, ಇಡಲೂ ಆಗುವುದಿಲ್ಲ. ಇಬ್ಬರೂ ಕೂರಲು ನೆರಳು, ಮಾಡಲು ಕೆಲಸ, ಗಡಿಬಿಡಿಯಿಲ್ಲದ ಸಮಯ, ಇಷ್ಟನ್ನು ಒದಗಿಸಬಹುದು.

ಕಡ್ಡಿ ಕಟ್ಟುವುದು ದೊಡ್ಡವರ ಕೆಲಸ. ತೆಂಗಿನ ಗರಿಯ ಕಡ್ಡಿ ಬಾಗುತ್ತದೆ, ಅದಕ್ಕೆ ಬಿದಿರಿನ ಸೀಳೇ ಬೇಕು. ಅದನ್ನು ಮಧ್ಯಕ್ಕೆ ಸೀಳಿ, ಗೊಂಬೆಯನ್ನು ನಡುವೆ ಸಿಕ್ಕಿಸಿ, ಮೇಲೂ ಕೆಳಗೂ ದಾರದಿಂದ ಬಿಗಿಯಬೇಕು. ಒಂದು ಕೈಯನ್ನು ಮಾತ್ರ ಬೇರೆ ಕತ್ತರಿಸಿ, ಭುಜದಲ್ಲಿ ದಾರ ದಾಟಿಸಿ, ಎರಡೂ ಬದಿ ಗಂಟು ಹಾಕಿದರೆ ಅದು ಆಡುತ್ತದೆ. ಗಂಟು ತೀರಾ ಬಿಗಿಯಾದರೆ ಕೈ ಅಲ್ಲಾಡದು, ಸಡಿಲವಾದರೆ ಜೋತುಬೀಳುತ್ತದೆ. ಬಿದಿರಿನ ಸಿಬಿರು ಕೈಗೆ ಚುಚ್ಚುವುದರಿಂದ ಮರಳುಕಾಗದದಿಂದ ಉಜ್ಜಿದ ಮೇಲೆಯೇ ಮಕ್ಕಳ ಕೈಗೆ ಕೊಡಬೇಕು.

ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರು ಇಂಥ ಕಡೆ ಸಾಮಾನ್ಯವಾಗಿ ದೂರ ನಿಲ್ಲುತ್ತಾರೆ. ಅವರಿಗೆ ಬೆಳಕಿನ ಜವಾಬ್ದಾರಿ ಕೊಟ್ಟೆವು. ಮೇಳಕ್ಕೆ ಇದರಿಂದ ಸಿಕ್ಕ ಲಾಭ ದೊಡ್ಡದು. ಅಂದು ಸಂಜೆ ಗ್ರಂಥಾಲಯದ ಕೋಣೆಯಲ್ಲಿ ಬಿಳಿ ಪಂಚೆ ಕಟ್ಟಿ ಅವರು ಒಂದೊಂದೇ ದೀಪ ಹಚ್ಚಿ ನೋಡಿದರು. ಟ್ಯೂಬ್‌ಲೈಟಿನಲ್ಲಿ ಗೊಂಬೆಯ ಅಂಚೇ ಸಿಗಲಿಲ್ಲ. ಉದ್ದಕ್ಕೆ ಹರಡಿದ ಬೆಳಕು ನೆರಳಿನ ಸುತ್ತಲೂ ಮಸುಕು ಮಾಡುತ್ತದೆ. ಸಾಲು ಎಲ್ಇಡಿಗಳಿರುವ ದೀಪದಲ್ಲಿ ಒಂದು ಗೊಂಬೆಗೆ ನಾಲ್ಕಾರು ನೆರಳು. ಸಣ್ಣ ಪಾರದರ್ಶಕ ಗಾಜಿನ ಒಂದೇ ಬಲ್ಬು ಹಚ್ಚಿದಾಗ ಬೆಳ್ಳಕ್ಕಿಯ ತೂತುಗಳೆಲ್ಲ ಸ್ಪಷ್ಟವಾಗಿ ಬಿದ್ದವು. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ಬಣ್ಣ ಗಟ್ಟಿ, ಹಿಂದಕ್ಕೆ ದೀಪದ ಕಡೆ ತಂದರೆ ದೊಡ್ಡದಾಗಿ ತೆಳುವಾಗುತ್ತದೆ ಎಂದು ಒಬ್ಬ ಹುಡುಗ ತಾನೇ ಕಂಡುಕೊಂಡು ಎಲ್ಲರನ್ನೂ ಕರೆದು ತೋರಿಸಿದ. ಅಜ್ಜ ನೋಡುತ್ತಾ ಕೂತಿದ್ದವರು, ತಮ್ಮ ಕಾಲದಲ್ಲಿ ಹರಳೆಣ್ಣೆಯ ದೀಪ ಇಡುತ್ತಿದ್ದೆವು, ಗಾಳಿಗೆ ದೀಪ ಅಲುಗಿದಾಗ ನಿಂತ ಗೊಂಬೆಯೂ ಉಸಿರಾಡಿದಂತೆ ಕಾಣುತ್ತಿತ್ತು ಎಂದರು. ಬಟ್ಟೆಯ ಪರದೆ, ಎಣ್ಣೆ ಹಾಳೆ, ಅಷ್ಟೊಂದು ಮಕ್ಕಳು ಇರುವ ಕಡೆ ಬೆಂಕಿಯ ದೀಪ ಬೇಡ ಎಂಬುದರಲ್ಲಿ ನಮಗೆ ಅನುಮಾನವಿರಲಿಲ್ಲ, ಅವರೂ ಒಪ್ಪಿದರು.

ಭಾನುವಾರ ಸಂಜೆ. ಮಾರ್ಚ್ ಕೊನೆಗೆ ನಮ್ಮಲ್ಲಿ ಆರೂವರೆಯ ಸುಮಾರಿಗೆ ಸೂರ್ಯ ಮುಳುಗಿದರೂ ಗೊಂಬೆಗೆ ಬೇಕಾದ ಕತ್ತಲು ಏಳರ ಹೊತ್ತಿಗೆ ಬರುತ್ತದೆ. ಆ ಅರ್ಧ ಗಂಟೆ ಸಣ್ಣ ಮಕ್ಕಳಿರುವ ಕಡೆ ಬಹಳ ಕಷ್ಟದ ಹೊತ್ತು. ಹಸಿವು, ನಿದ್ದೆ, ಹಟ ಎಲ್ಲ ಆಗಲೇ ಶುರುವಾಗುತ್ತವೆ. ಆಗಲೇ ಮಂಡಕ್ಕಿ, ಪಾನಕ ಹಂಚಿದೆವು. ಊಟವನ್ನು ಆಟದ ನಂತರಕ್ಕೆ ಇಡಬೇಡಿ ಎಂದು ನಾಲ್ಕು ವರ್ಷದ ಮಗುವಿನ ತಾಯಿಯೊಬ್ಬರು ಮೊದಲೇ ಎಚ್ಚರಿಸಿದ್ದರು, ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಬೀದಿದೀಪವೊಂದು ಪರದೆಯ ಮೇಲೆ ಬೀಳುತ್ತಿತ್ತು. ಎರಡು ಬಿದಿರು ನೆಟ್ಟು ಕಪ್ಪು ಬಟ್ಟೆ ಎಳೆದು ಅದನ್ನು ಮರೆ ಮಾಡಿದೆವು.

ಮೊದಲು ಮಕ್ಕಳ ಆಟ. ಅವರೇ ಕಟ್ಟಿದ ಕಥೆ: ಕುಂದುವಾಡ ಕೆರೆಗೆ ಬಂದ ಹಕ್ಕಿಗಳು, ನೀರು ಕಡಿಮೆಯಾದಾಗ ಅವು ನಡೆಸುವ ಸಭೆ. ಹತ್ತು ನಿಮಿಷದ ಆಟದಲ್ಲಿ ಮಾತು ಮರೆತವರಿದ್ದರು, ಗೊಂಬೆ ತಲೆಕೆಳಗಾಗಿ ಬಂದದ್ದೂ ಇತ್ತು. ಬೆಳ್ಳಕ್ಕಿ ಹಾರಿದಾಗ ಮುಂದಿನ ಸಾಲಿನಿಂದ ಒಂದು "ಓ" ಎದ್ದಿತು. ಗೊಂಬೆ ಹಿಡಿದ ಹುಡುಗಿಗೆ ಅದು ಕೇಳಿಸಿತು. ಕಥೆಯಲ್ಲಿ ಇಲ್ಲದಿದ್ದರೂ ಅವಳು ಹಕ್ಕಿಯನ್ನು ಇನ್ನೊಂದು ಸುತ್ತು ಹಾರಿಸಿದಳು.

ಆಮೇಲೆ ಅಜ್ಜನ ಮೇಳ. ಗಣಪತಿ, ಶಾರದೆಯ ಸ್ತುತಿಯಾದ ಕೂಡಲೇ ಕಿಳ್ಳೇಕ್ಯಾತ ಧುತ್ತೆಂದು ಬಂದ. ಬಂದವನೇ ಬಂಗಾರಕ್ಕನನ್ನು ಕರೆದು, "ಏನಿದು, ಈ ಊರಾಗ ಮಕ್ಕಳೆಲ್ಲ ಗೊಂಬಿ ಮಾಡಾಕ ಕಲ್ತಾರಂತ, ನಮ್ಮ ಹೊಟ್ಟಿ ಗತಿ ಏನ?" ಎಂದು ಕೇಳಿದ. ಬಂಗಾರಕ್ಕ, "ಅವ್ರು ಎಣ್ಣಿ ಹಚ್ಚಿ ಮಾಡ್ಯಾರ, ನಿನಗ ಯಾರು ಹಚ್ಚಬೇಕು?" ಎಂದಳು. ಇಡೀ ಜಮಖಾನ ನಕ್ಕಿತು, ಎಣ್ಣೆ ಉಜ್ಜಿದ ಅಜ್ಜಿಯರು ಎಲ್ಲರಿಗಿಂತ ಹೆಚ್ಚು. ಹಿಂದಿನ ದಿನ ಚಾಪೆಯ ಮೇಲೆ ಕೇಳಿದ್ದನ್ನೆಲ್ಲ ಅಜ್ಜನ ಮೇಳದವರು ಆಟದೊಳಗೆ ತಂದಿದ್ದರು. ಒಂದೇ ಒಂದು ಮಾತೂ ಯಾರಿಗೂ ಮುಜುಗರ ತರಲಿಲ್ಲ. ಮಾತುಗಳ ಬಗ್ಗೆ ಆತಂಕಪಟ್ಟಿದ್ದ ನಮ್ಮ ಸಮಿತಿಯವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಲಂಕಾದಹನದಲ್ಲಿ ಹನುಮಂತನಿಗೆ ಒಂದಕ್ಕಿಂತ ಹೆಚ್ಚು ಗೊಂಬೆಗಳಿದ್ದವು. ಅಶೋಕವನದಲ್ಲಿ ಸೀತೆಯ ಮುಂದೆ ಕೂರುವ ಹನುಮ ಅಂಗೈಯಗಲ. ರಾವಣನ ಸಭೆಯಲ್ಲಿ ನಿಲ್ಲುವವನು ಮೊಳಕ್ಕೂ ಮೀರಿದವನು. ಬಾಲಕ್ಕೆ ಬೆಂಕಿ ಬಿದ್ದ ಮೇಲೆ ಬಂದವನು ಪರದೆಯ ಅರ್ಧ ತುಂಬುವಂಥವನು. ಸೀತೆ ಮತ್ತು ಮರ ಒಂದೇ ತೊಗಲಿನಲ್ಲಿದ್ದವು, ಎಲೆಯ ಮೇಲೆಲ್ಲ ಉಳಿಯ ಕೆಲಸ. ಯುದ್ಧದ ಸದ್ದಿಗೆ ಕಾಲಿನಿಂದ ಹಲಗೆ ತುಳಿಯುತ್ತಾರೆ. ಆ ಸದ್ದು ಎದೆಗೇ ಬಂದು ತಾಗುತ್ತದೆ. ಮೈಕು ಇಲ್ಲದೆಯೂ ಅಜ್ಜಿಯ ಹಾಡು ಕೊನೆಯ ಸಾಲಿಗೆ ತಲುಪಿತು. ನಡುವೆ ಅವರು ಪದ ಎತ್ತಿದಾಗ ನಮ್ಮ ಎದುರು ಮನೆಯ ಅಜ್ಜಿ ಕೂತಲ್ಲೇ ದನಿ ಸೇರಿಸಿದರು. ಪರದೆಯ ಹಿಂದಿನಿಂದ ಹಾಡು ಒಂದು ಕ್ಷಣ ನಿಧಾನವಾಗಿ, ಅವರಿಗಾಗಿ ಕಾದು, ಮುಂದೆ ಹೋಯಿತು.

ಆಟದ ಕೊನೆಯ ಭಾಗದಲ್ಲಿ ಮಕ್ಕಳನ್ನು ಏಳೆಂಟು ಜನರ ಗುಂಪು ಮಾಡಿ ಪರದೆಯ ಹಿಂದೆ ಕಳಿಸುವುದು ಎಂದು ಅಜ್ಜನ ಜೊತೆ ಮೊದಲೇ ಮಾತಾಗಿತ್ತು. ಹಿಂದೆ ನೋಡಿದರೆ ಆಟದ ಬೆರಗು ಹೋಗುತ್ತದೆ ಎಂದು ಕೆಲವರು ಹೇಳಿದ್ದರು. ನಾನು ಕಂಡದ್ದು ಬೇರೆ. ಹಿಂದೆ ಹೋದ ಮಕ್ಕಳು ಅಜ್ಜ ಮೊಣಕಾಲೂರಿ ಎರಡು ಕೈಯಲ್ಲಿ ಎರಡು ಗೊಂಬೆ, ಬಾಯಲ್ಲಿ ಎರಡು ದನಿ, ಕಾಲಲ್ಲಿ ಹಲಗೆ ಎಲ್ಲವನ್ನೂ ಒಟ್ಟಿಗೆ ನಡೆಸುವುದನ್ನು ನೋಡಿದರು. ಮಗ ಮುಂದಿನ ಗೊಂಬೆಯನ್ನು ಸರಿಯಾದ ಕ್ಷಣಕ್ಕೆ ಅವರ ಕೈಗಿಡುವುದನ್ನು, ಸೊಸೆ ಮುಗಿದ ಗೊಂಬೆಯನ್ನು ಮಡಿಕೆ ಬೀಳದಂತೆ ಮಲಗಿಸುವುದನ್ನು ನೋಡಿದರು. ತಿರುಗಿ ಮುಂದೆ ಬಂದು ಕೂತ ಮೇಲೆ ಅವರು ಇನ್ನೂ ಹತ್ತಿರಕ್ಕೆ ಜರುಗಿ, ಇನ್ನೂ ಗಮನವಿಟ್ಟು ನೋಡಿದರು. ಆಮೇಲೆ ದೊಡ್ಡವರೂ ನಾವೂ ಹೋಗಬಹುದಾ ಎಂದು ಕೇಳತೊಡಗಿದರು. ಒಂಬತ್ತಕ್ಕೆ ಮುಗಿಸಬೇಕೆಂದಿದ್ದ ಆಟ ಸ್ವಲ್ಪ ಮುಂದೆ ಹೋಯಿತು.

ಜನ ಚದುರಿದ ಮೇಲೆ ಉಳಿದ ಹಣವನ್ನು ಅಜ್ಜನ ಕೈಗೆ ಕೊಟ್ಟು ಲೆಕ್ಕದ ಹಾಳೆಗೆ ಇಬ್ಬರೂ ಸಹಿ ಹಾಕಿದೆವು. ಮೈಕು ಬೇಡವೆಂದು ಕೇಳಿದ್ದ ತಾಯಿ ಮಗನನ್ನೂ ಕರೆದುಕೊಂಡು ಕೊನೆಯ ಅರ್ಧ ಗಂಟೆಗೆ ಬಂದಿದ್ದರು. ಅವನಿಗೆ ಸೋಮವಾರ ಪರೀಕ್ಷೆ ಇರಲಿಲ್ಲವಂತೆ. ಪಕ್ಕದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ಮೇಳದವರ ಫೋನ್ ನಂಬರು ಬರೆದುಕೊಂಡು, ಶಾಲೆ ತೆರೆದ ಮೇಲೆ ಜೂನ್ ತಿಂಗಳಲ್ಲಿ ಎರಡು ದಿನದ ತರಬೇತಿಗೆ ಬರಲಾಗುತ್ತದೆಯೇ ಎಂದು ವಿಚಾರಿಸಿದರು. ಮಳೆಗಾಲದ ತೇವಕ್ಕೆ ತೊಗಲು ಮೆತ್ತಗಾಗುತ್ತದೆ, ಒಳಗೆ ಕೋಣೆ ಇದ್ದರೆ ಬರುತ್ತೇವೆ ಎಂದು ಸೊಸೆ ಹೇಳಿದರು. ಕೋಣೆ ಇದೆ, ಆದರೆ ಕಿಟಕಿಗಳಿಗೆ ಬಾಗಿಲಿಲ್ಲ, ಬೆಳಕು ಬರುತ್ತದೆ ಎಂದರು ಮೇಡಂ. ಬೀದಿದೀಪಕ್ಕೆ ಕಟ್ಟಿದ್ದ ಕಪ್ಪು ಬಟ್ಟೆಯನ್ನು ಬಿಚ್ಚಿ, ಮಡಚಿ, ಶಾಲೆಗೆಂದು ಅವರ ಕೈಗೆ ಕೊಟ್ಟೆವು.